ಒಡ್ಡು ಕಲಿಸಿದ ಭೌತಶಾಸ್ತ್ರ

ಬಿ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲಿ ಕೇಳಿದರು: ‘ಎಂಆರ್‌ಐ ಯಂತ್ರದ ಸೂಪರ್‌ಕಂಡಕ್ಟರ್ ತಂತಿಯನ್ನು ಒಂದೇ ದಪ್ಪ ಸರಳಾಗಿ ಮಾಡದೆ, ಸಣ್ಣ ಸಣ್ಣ ಎಳೆಗಳಾಗಿ ಏಕೆ ಮಾಡುತ್ತಾರೆ?’ ನಾನು ತಲೆ ತಗ್ಗಿಸಿದೆ. ಅಂಕ ಹೋಯಿತು.

ಆ ಮಳೆಗಾಲ ಜೇವರ್ಗಿ ಬಳಿಯ ನಮ್ಮ ತೊಗರಿ ಹೊಲದ ಒಡ್ಡು ಒಡೆಯಿತು. ಸೋರಿದ ನೀರು ಮಣ್ಣು ಕೊಚ್ಚಿತು. ಬಿರುಕು ಅಗಲವಾಗಿ ಮತ್ತಷ್ಟು ನೀರು ನುಗ್ಗಿತು. ‘ಒಂದೇ ದೊಡ್ಡ ಒಡ್ಡು ನಂಬಿದ್ರ ಹಿಂಗ ಆಗ್ತದ ತಮ್ಮಾ, ಚೌಕುಮಡಿ ಮಾಡಬೇಕು’ ಅಂದರು ಅಪ್ಪ.

ಉತ್ತರ ಅಲ್ಲೇ ಇತ್ತು! ದ್ರವ ಹೀಲಿಯಂನ ಚಳಿಯಲ್ಲಿ, ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಯೋಬಿಯಂ–ಟೈಟಾನಿಯಂ ತಂತಿ ರೋಧವಿಲ್ಲದೆ ವಿದ್ಯುತ್ ಹರಿಸುತ್ತದೆ. ಅದರೊಳಗೆ ಕಾಂತಕ್ಷೇತ್ರದ ಸುಳಿಗಳು ಅಲ್ಲಲ್ಲಿ ಸಿಕ್ಕಿಕೊಂಡಿರುತ್ತವೆ. ಕೆಲವು ಜಾರಿದರೆ ಶಾಖ ಹುಟ್ಟುತ್ತದೆ. ಶಾಖದಿಂದ ಹಿಡಿತ ಸಡಿಲವಾಗಿ ಇನ್ನಷ್ಟು ಸುಳಿಗಳು ಜಾರುತ್ತವೆ. ಇದೇ ‘ಫ್ಲಕ್ಸ್ ಜಂಪ್’. ಮಿತಿಮೀರಿದರೆ ತಂತಿ ಸೂಪರ್‌ಕಂಡಕ್ಟರ್ ಗುಣವನ್ನೇ ಕಳೆದುಕೊಳ್ಳುತ್ತದೆ. ಎಳೆ ಸಣ್ಣದಾದರೆ, ಚೌಕುಮಡಿಯ ನೀರಿನಂತೆ, ಅದರಲ್ಲಿ ಹುಟ್ಟುವ ಶಾಖವೂ ಕಡಿಮೆ. ಸುತ್ತಲಿನ ತಾಮ್ರ ಅದನ್ನು ಎಳೆದುಕೊಳ್ಳುತ್ತದೆ.

ಆಳಂದ, ಅಫಜಲಪುರದ ಗೆಳೆಯರೇ, ಹಳ್ಳಿಯಿಂದ ಬಂದವರೆಂದು ಸಂದರ್ಶನದಲ್ಲಿ ಹಿಂಜರಿಯಬೇಡಿ. ಮುಂದಿನ ಸಲ ಈ ಪ್ರಶ್ನೆ ಬಂದರೆ ನಾನಂತೂ ಹೊಲದಿಂದಲೇ ಶುರು ಮಾಡುತ್ತೇನೆ.