ಲೆಕ್ಕದ ಪುಸ್ತಕವೂ ಓದಿನ ಪುಸ್ತಕವೇ

ಲೆಕ್ಕ ಬರಲ್ಲ ಅಂತ ಮಗುವಿಗೆ ಬೈಯುತ್ತೇವೆ. ಲೆಕ್ಕದ ವಾಕ್ಯವನ್ನೇ ಓದಲು ಬಾರದಿದ್ದರೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಕನ್ನಡ ಶಾಲೆಗೆ ಹೋಗುವ ಅನೇಕ ಮುಸ್ಲಿಂ ಮಕ್ಕಳ ಮನೆಮಾತು ದಖನಿ ಉರ್ದು. ನಮ್ಮ ಮಕ್ಕಳದ್ದು ಬ್ಯಾರಿ. ಕಷ್ಟ ಒಂದೇ.

4, 5ನೇ ತರಗತಿಯಲ್ಲಿ ‘ಓದು ಕರ್ನಾಟಕ’ ಕಾರ್ಯಕ್ರಮ ಓದಿನ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡಿ ಕಲಿಸುತ್ತದೆ. ಆದರೆ ಓದು ಕನ್ನಡ ಪೀರಿಯಡ್ಡಿಗೇ ಮುಗಿಯಬಾರದು. 1824ರ ಕಿತ್ತೂರು ಯುದ್ಧದ ಪಾಠದಲ್ಲಿ ‘ದತ್ತು’ ಎಂಬ ಪದ ತಿಳಿಯದ ಮಗುವಿಗೆ ಯುದ್ಧದ ಕಾರಣವೇ ತಿಳಿಯದು. ಸಮಾಜದ ಮಾಸ್ಟ್ರು ಆ ಪದವನ್ನು ಮೊದಲೇ ಬಿಡಿಸಿ ಹೇಳಲಿ. ಗಣಿತದ ಟೀಚರ್ ಲೆಕ್ಕವನ್ನು ಎರಡು ಸಲ ಓದಿಸಿ, ‘ಏನು ಕೇಳಿದ್ದಾರೆ, ಹೇಳು’ ಅನ್ನಲಿ. ಮಗು ಮನೆಮಾತಲ್ಲಿ ಹೇಳಿದರೂ ಸರಿಯೇ.

ನಾವೂ ಅಷ್ಟೇ, ಶಾಲೆಗೆ ಹೋದಾಗ ಮಾರ್ಕ್ಸ್ ಎಷ್ಟು ಅಂತ ಮಾತ್ರ ಕೇಳುವುದು ಬೇಡ. ಓದಿದ್ದು ಅರ್ಥ ಆಗ್ತದಾ ಅಂತಲೂ ಕೇಳೋಣ.