ಬೆಂಗಳೂರಿಗೆ ಬಂದು ಹೋದ ಟೂರ್ನಿ

ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ 2008ರ ಮಾರ್ಚ್‌ನಲ್ಲಿ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಸೆಮಿಫೈನಲ್‌ನಲ್ಲಿ ಎದುರಾದರು. ಮೂರನೇ ಸೆಟ್ಟಿನ ಟೈಬ್ರೇಕರ್‌ವರೆಗೂ ಎಳೆದಾಡಿ ತಂಗಿ ಗೆದ್ದರು. ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಪ್ಯಾಟಿ ಶ್ನೈಡರ್ ಅವರನ್ನು 7-5, 6-3ರಿಂದ ಸೋಲಿಸಿ ಪ್ರಶಸ್ತಿಯನ್ನೂ ಪಡೆದರು. ಬೆಂಗಳೂರು ಓಪನ್ ಎಂಬ ಈ ಮಹಿಳಾ ಟೂರ್ನಿ ಮತ್ತೆ ನಡೆಯಲಿಲ್ಲ.

ಇದು ಹುಟ್ಟಿದ್ದು 2003ರಲ್ಲಿ, ಹೈದರಾಬಾದಿನಲ್ಲಿ. ಆಗ ಇದಕ್ಕೆ ನಾಲ್ಕನೇ ದರ್ಜೆ, ಅಂದರೆ ಕೆಳಗಿನ ಮೆಟ್ಟಿಲು. 2004ರಲ್ಲಿ ಸಾನಿಯಾ ಮಿರ್ಜಾ ಇಲ್ಲಿ ಲೀಜೆಲ್ ಹ್ಯೂಬರ್ ಜತೆ ಡಬಲ್ಸ್ ಗೆದ್ದರು. ಮರುವರ್ಷ ಅಲೋನಾ ಬೊಂಡರೆಂಕೊ ಅವರನ್ನು ಮಣಿಸಿ ಸಿಂಗಲ್ಸ್ ಗೆದ್ದಾಗ, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಮುಂದೆ ಎಷ್ಟೋ ಡಬಲ್ಸ್ ಕಿರೀಟಗಳು ಬಂದರೂ ಅವರ ಏಕೈಕ ಸಿಂಗಲ್ಸ್ ಪ್ರಶಸ್ತಿ ಇದೇ.

2006ರಲ್ಲಿ ಟೂರ್ನಿ ಬೆಂಗಳೂರಿಗೆ ಬಂತು. ಟೂರ್ನಿ ಊರು ಬದಲಿಸುವುದೆಂದರೆ ಹೇಗೆ ಎಂದು ಓದುಗರು ಕೇಳಬಹುದು. ವೃತ್ತಿಪರ ಟೆನಿಸ್‌ನಲ್ಲಿ ಅಂಗಣಕ್ಕಿಂತ ಬೆಲೆಬಾಳುವುದು ವಿಶ್ವ ವೇಳಾಪಟ್ಟಿಯಲ್ಲಿನ ಒಂದು ವಾರ. ಪ್ರಾಯೋಜಕರು, ಬಹುಮಾನದ ಹಣ, ಅಂಗಣ ಎಲ್ಲಿ ಕೂಡಿಬರುತ್ತವೆಯೋ ಆ ವಾರ ಅಲ್ಲಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಮೊದಲ ವರ್ಷ ಇಟಲಿಯ ಮಾರಾ ಸಾಂತಾಂಜೆಲೊ, 2007ರಲ್ಲಿ ಯಾರೊಸ್ಲಾವಾ ಶ್ವೆಡೋವಾ ಗೆದ್ದರು. 2008ರಲ್ಲಿ ದರ್ಜೆ ಎರಡಕ್ಕೇರಿತು. ಒಟ್ಟು ಬಹುಮಾನ 6 ಲಕ್ಷ ಡಾಲರ್. ಪ್ರಾಯೋಜಕರು ಕೆನರಾ ಬ್ಯಾಂಕ್. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಸಂಸ್ಥೆಯ ಹೆಸರಿನಡಿ ಸೆರೆನಾ ಆಡಿದರೆಂಬುದು ನಮ್ಮ ಕರಾವಳಿಯವರಿಗೆ ಸಣ್ಣ ಹೆಮ್ಮೆ.

ಅಂಥ ತಾರೆಯರು ಬಂದದ್ದಕ್ಕೆ ಹಣವೊಂದೇ ಕಾರಣವಿರಲಾರದು. ಬೆನ್ನಿಗೇ ಅಮೆರಿಕದಲ್ಲಿ ಇಂಡಿಯನ್ ವೆಲ್ಸ್ ಎಂಬ ದೊಡ್ಡ ಟೂರ್ನಿ ಇತ್ತು. 2001ರಲ್ಲಿ ಅಲ್ಲಿನ ಪ್ರೇಕ್ಷಕರು ಹೀಯಾಳಿಸಿದ ಮೇಲೆ ಈ ಸೋದರಿಯರು ಅತ್ತ ಸುಳಿಯುತ್ತಿರಲಿಲ್ಲ. ಹಾಗಾಗಿ ದೂರ ಪ್ರಯಾಣಕ್ಕೆ ಅವರಿಗೆ ಬಿಡುವಿತ್ತು. ವಿಚಿತ್ರವೆಂದರೆ, ವಿವಾದಗಳಿಂದ ಬೇಸತ್ತ ಸಾನಿಯಾ ಆ ವರ್ಷ ಬೆಂಗಳೂರಿನಲ್ಲಿ ಆಡಲಿಲ್ಲ.

2009ರಲ್ಲಿ ಡಬ್ಲ್ಯುಟಿಎ ದರ್ಜೆಗಳ ಪದ್ಧತಿಯನ್ನೇ ಬದಲಿಸಿ ಪ್ರೀಮಿಯರ್, ಇಂಟರ್‌ನ್ಯಾಷನಲ್ ಎಂದು ವಿಂಗಡಿಸಿತು. ಹೊಸ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಕೋಲ್ಕತ್ತದ ಸನ್‌ಫೀಸ್ಟ್ ಓಪನ್ 2007ಕ್ಕೇ ಮುಗಿದಿತ್ತು.

ಸೆರೆನಾ ಬಾರದಿದ್ದರೆ ಪ್ರೇಕ್ಷಕರು ಟಿವಿಯಲ್ಲಿ ನೋಡಿಯಾರು. ಪೆಟ್ಟು ಬಿದ್ದದ್ದು ನಮ್ಮ ಹುಡುಗಿಯರಿಗೆ. ಆತಿಥೇಯ ಸಂಘಟಕರು ವೈಲ್ಡ್ ಕಾರ್ಡ್ ಕೊಟ್ಟು ಸ್ಥಳೀಯರನ್ನು ನೇರ ಮುಖ್ಯ ಸುತ್ತಿಗೆ ಸೇರಿಸಬಹುದು. ಅಲ್ಲೊಂದು ಪಂದ್ಯ ಗೆದ್ದರೂ ರ‍್ಯಾಂಕಿಂಗ್ ಅಂಕ ಸಿಗುತ್ತದೆ. ಆ ಬಾಗಿಲು ಮುಚ್ಚಿದರೆ ಅಂಕ ಹುಡುಕಿಕೊಂಡು ಸ್ವಂತ ಖರ್ಚಿನಲ್ಲಿ ದೇಶ ದೇಶ ಅಲೆಯಬೇಕು. 2012ರಲ್ಲಿ ಪುಣೆಯಲ್ಲಿ, 2017ರಲ್ಲಿ ಮುಂಬಯಿಯಲ್ಲಿ ಕೆಳ ಹಂತದ ಟೂರ್ನಿಗಳು ನಡೆದವು. ಮುಖ್ಯ ಹಂತದ ಟೂರ್ನಿಯೊಂದು ಭಾರತಕ್ಕೆ ಮರಳಿದ್ದು 2022ರಲ್ಲಿ, 14 ವರ್ಷಗಳ ಮೇಲೆ. ಅದೂ ಚೆನ್ನೈಗೆ.