ಗೋಧಿ ಸೋಕದ ಹೋಳಿಗೆ

ಹಬ್ಬದ ದಿನ. ಎಲ್ಲರ ಎಲೆಯಲ್ಲೂ ತುಪ್ಪ ಸುರಿದ ಬಿಸಿ ಬಿಸಿ ಹೋಳಿಗೆ. ಒಂದು ಎಲೆಯಲ್ಲಿ ಮಾತ್ರ ಬರೀ ಹೂರಣದ ಉಂಡೆ! ಎರಡು ವರ್ಷದ ಹಿಂದೆ ಯುಗಾದಿಗೆ ನಮ್ಮನೆಯಲ್ಲಿ ಆದದ್ದು ಹೀಗೆ. ಆ ಎಲೆಯ ಮುಂದೆ ಕೂತಿದ್ದವಳು ನನ್ನ ಒಂಬತ್ತು ವರ್ಷದ ಮಗಳು. ‘ಅಮ್ಮಾ, ನಂಗೆ ಇನ್ಯಾವತ್ತೂ ಹೋಳಿಗೆ ಇಲ್ವಾ?’ ಅಂತ ಕೇಳಿದಳು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು.

ಅದಕ್ಕೆ ಒಂದು ತಿಂಗಳ ಮುಂಚೆಯಷ್ಟೇ ಅವಳಿಗೆ ಸೀಲಿಯಾಕ್ ಕಾಯಿಲೆ ಅಂತ ಗೊತ್ತಾಗಿತ್ತು. ಆಗಾಗ ಭೇದಿ, ಹೊಟ್ಟೆ ಉಬ್ಬರ, ವಯಸ್ಸಿಗೆ ತಕ್ಕ ತೂಕ ಇಲ್ಲ, ರಕ್ತ ಕಡಿಮೆ. ‘ಜಂತುಹುಳ ಇರಬೇಕು’ ಅಂದುಕೊಂಡು ವರ್ಷಗಟ್ಟಲೆ ಔಷಧಿ ಕುಡಿಸಿದ್ದೇ ಬಂತು. ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ ಮಾಡಿಸಿದಾಗ ನಿಜ ಹೊರಬಿತ್ತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನ್ ಇಂಥವರ ದೇಹಕ್ಕೆ ಶತ್ರು. ಅದು ಒಳಗೆ ಹೋದರೆ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಗೋಧಿ, ಬಾರ್ಲಿ, ರೈ ಮೂರನ್ನೂ ಜೀವನಪೂರ್ತಿ ಬಿಡುವುದೇ ಇದಕ್ಕೆ ಮದ್ದು.

ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಅವರಿಗೆ ಮೊದಲೇ ಸಂಶಯವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡಿಗೂ ತತ್ವಾರ. ಎಲ್ಲರೂ ಹಸಿದು ಸೊರಗಿದ್ದಾಗ ಈ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಬಂದ ಮೇಲೆ ಮತ್ತೆ ಕಾಯಿಲೆ ಬಿದ್ದರು. ಅವರ ಸಂಶಯ ಗಟ್ಟಿಯಾಯಿತು.

ನಿಮ್ಮ ಮಗುವಿಗೂ ಇಂಥ ತೊಂದರೆ ಇದೆ ಅನ್ನಿಸಿದರೆ ಒಂದು ಮಾತು. ಪರೀಕ್ಷೆಗೆ ಮುಂಚೆ ನೀವಾಗಿಯೇ ಗೋಧಿ ಬಿಡಿಸಬೇಡಿ. ಬಿಡಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಪತ್ತೆಯಾಗದೇ ಹೋಗಬಹುದು. ಮೊದಲು ವೈದ್ಯರನ್ನು ಕಾಣಿ.

ಈಗ ಹೋಳಿಗೆಗೆ ಬರೋಣ. ಹೂರಣದಲ್ಲಿ ತಂಟೆಯಿಲ್ಲ, ಕಡಲೆಬೇಳೆ, ಬೆಲ್ಲ ಎರಡೂ ಕ್ಷೇಮ. ತಂಟೆಯೆಲ್ಲ ಕಣಕದ್ದು. ಮೈದಾ, ಚಿರೋಟಿ ರವೆ ಎರಡೂ ಗೋಧಿಯೇ. ಕಣಕ ರಬ್ಬರಿನಂತೆ ಹಿಗ್ಗುತ್ತದಲ್ಲ, ಅದು ಗ್ಲುಟೆನ್ ಗುಣ. ಅಕ್ಕಿಹಿಟ್ಟಿಗೆ ಆ ಗುಣವಿಲ್ಲ. ನಾನು ತಣ್ಣೀರಲ್ಲಿ ಅಕ್ಕಿಹಿಟ್ಟು ಕಲಸಿ ತಟ್ಟಲು ಹೋದರೆ ಹೋಳಿಗೆ ಸೀಳಿ ಹೂರಣವೆಲ್ಲ ಕಾವಲಿ ಪಾಲು! ‘ಕಡುಬಿಗೆ ಉಕ್ಕರಿಸೋ ಹಾಗೆ ಉಕ್ಕರಿಸಿ ನೋಡೇ’ ಅಂದವರು ಅತ್ತೆ. ಬಿಸಿನೀರಲ್ಲಿ ಬೆಂದ ಅಕ್ಕಿಹಿಟ್ಟು ಅಂಟಾಗುತ್ತದೆ. ಜತೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಇಸಬ್ಗೋಲ್ ಸೇರಿಸಿದರೆ ಹಿಟ್ಟು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಬೇಕಾಗುವ ಸಾಮಗ್ರಿ (ಸುಮಾರು 15 ಹೋಳಿಗೆಗೆ)

ಹೂರಣಕ್ಕೆ: ಕಡಲೆಬೇಳೆ 1 ಲೋಟ, ಪುಡಿ ಮಾಡಿದ ಬೆಲ್ಲ 1 ಲೋಟ, ಏಲಕ್ಕಿ 4.
ಕಣಕಕ್ಕೆ: ನುಣುಪಾದ ಅಕ್ಕಿಹಿಟ್ಟು ಒಂದೂವರೆ ಲೋಟ, ನೀರು ಒಂದೂಮುಕ್ಕಾಲು ಲೋಟ, ಇಸಬ್ಗೋಲ್ 2 ಚಮಚ, ಎಣ್ಣೆ 2 ಚಮಚ, ಚಿಟಿಕೆ ಉಪ್ಪು, ಚಿಟಿಕೆ ಅರಿಶಿನ.

ಮಾಡುವ ವಿಧಾನ

ಬೇಳೆ ಬೇಯಿಸಿ ಕಟ್ಟು ಬಸಿಯಿರಿ. ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಮಗುಚಿ, ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿ. ಹೂರಣ ಗಟ್ಟಿಯಾಗಿರಲಿ, ನೀರಾದರೆ ಕಣಕ ತಡೆಯುವುದಿಲ್ಲ.

ಅಕ್ಕಿಹಿಟ್ಟಿಗೆ ಇಸಬ್ಗೋಲ್ ಬೆರೆಸಿಡಿ. ನೀರಿಗೆ ಉಪ್ಪು, ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಕುದಿಸಿ. ಕುದಿ ಬಂದಾಗ ಉರಿ ಸಣ್ಣ ಮಾಡಿ ಹಿಟ್ಟು ಸುರಿದು, ಗಂಟಾಗದಂತೆ ತಿರುವಿ, ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ಉಳಿದ ಎಣ್ಣೆ ಹಾಕಿ ಚೆನ್ನಾಗಿ ನಾದಿ. ಒಣಗಿದಂತೆ ಕಂಡರೆ ಬಿಸಿನೀರು ಚಿಮುಕಿಸಿ. ಒದ್ದೆ ಬಟ್ಟೆ ಮುಚ್ಚಿಡಿ.

ಮೈದಾ ಹೋಳಿಗೆಗೆ ಕಣಕ ಸಣ್ಣ, ಹೂರಣ ದೊಡ್ಡದು. ಇಲ್ಲಿ ಎರಡೂ ಸಮ ಇರಲಿ. ಎಣ್ಣೆ ಸವರಿದ ಬಾಳೆಎಲೆಯ ಮೇಲೆ ಬೆರಳಲ್ಲಿ ತಟ್ಟಿ, ತೀರಾ ತೆಳ್ಳಗೆ ಬೇಡ. ಎಲೆಸಮೇತ ಕಾದ ಕಾವಲಿಗೆ ಬೋರಲು ಹಾಕಿ, ಎಲೆ ಬಾಡಿದ ಮೇಲೆ ಮೆಲ್ಲಗೆ ಬಿಡಿಸಿ. ತುಪ್ಪ ಹಾಕಿ ಎರಡೂ ಕಡೆ ಬೇಯಿಸಿ. ಬಿಸಿಯಿರುವಾಗಲೇ ಬಡಿಸಿ, ಆರಿದರೆ ಬಿರುಸಾಗುತ್ತದೆ. ಮೈದಾ ಹೋಳಿಗೆಯಂತೆ ನಾಲ್ಕು ದಿನ ಇಟ್ಟು ತಿನ್ನುವಂಥದ್ದಲ್ಲ ಇದು.

ಇಷ್ಟೆಲ್ಲ ಮಾಡಿಯೂ ನಾನು ಎಡವಿದ್ದುಂಟು. ಅಕ್ಕಿಹಿಟ್ಟಿನ ಹೋಳಿಗೆಯನ್ನು ಚಪಾತಿ ಮಣೆಯಲ್ಲೇ ಲಟ್ಟಿಸಲು ನೋಡಿದ್ದೆ. ಮರದ ಸಂದಿಯಲ್ಲಿ ಉಳಿದ ಗೋಧಿಹಿಟ್ಟೂ ಸಾಕು, ತೊಂದರೆಗೆ. ಮಣೆ, ಲಟ್ಟಣಿಗೆ, ಜರಡಿ, ಕಾವಲಿ ಬೇರೆಯೇ ಇರಲಿ. ಹಿಟ್ಟಿನ ಗಿರಣಿಯಲ್ಲಿ ಗೋಧಿಯ ಹಿಂದೆಯೇ ಅಕ್ಕಿ ಬೀಸಿಸಬೇಡಿ. ಅಕ್ಕಿ ತೊಳೆದು ನೆರಳಲ್ಲಿ ಆರಿಸಿ ಮಿಕ್ಸಿಯಲ್ಲಿ ಪುಡಿ ಮಾಡಿ, ಇಲ್ಲವೇ ಗ್ಲುಟೆನ್ ರಹಿತ ಎಂದು ಮುದ್ರಿಸಿದ ಪೊಟ್ಟಣ ತನ್ನಿ. ಹಾಗೆ ಮುದ್ರಿಸಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬ ನಿಯಮ ನಮ್ಮ ದೇಶದಲ್ಲಿದೆ.

ಇನ್ನೊಂದು ಗುಟ್ಟು ಹೇಳಲಾ? ಒಬ್ಬಟ್ಟಿನ ಸಾರಿಗೆ ಹಾಕುವ ಇಂಗು! ಅಂಗಡಿಯಲ್ಲಿ ಸಿಗುವ ಎಷ್ಟೋ ಇಂಗಿನ ಡಬ್ಬಿಗಳಲ್ಲಿ ಗೋಧಿಹಿಟ್ಟು ಬೆರೆತಿರುತ್ತದೆ. ಇಂಗು ಹಾಕಿದ ಸಾರಿನ ಪುಡಿಯಲ್ಲೂ ಅಷ್ಟೇ. ಹಿಂದೆ ಬರೆದಿರುವುದನ್ನು ಓದಿಯೇ ಕೊಳ್ಳಿ.

ಕಳೆದ ಯುಗಾದಿಗೆ ನಾವು ಎರಡು ಬಗೆ ಮಾಡಲಿಲ್ಲ. ಎಲ್ಲರಿಗೂ ಇದೇ ಹೋಳಿಗೆ. ಮೈದಾದಷ್ಟು ಮೆದುವಲ್ಲ ಅಂತ ನಮ್ಮೆಜಮಾನ್ರು ಗೊಣಗಿದರು, ಆದರೂ ಮೂರು ತಿಂದರು. ಮಗಳು ತಾನೇ ತುಪ್ಪದ ಬಟ್ಟಲು ಹಿಡಿದು ಅಜ್ಜಿಯ ಎಲೆಗೆ ಬಡಿಸಿದಳು. ಅತ್ತೆ ಅವತ್ತೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆದರೆ ಪಂಕ್ತಿಯಿಂದ ಏಳಲಿಲ್ಲ, ಇನ್ನೊಂದು ಹಾಕಿಸಿಕೊಂಡರು.